ಗುಂಡನ ಬರ್ತ್‌ಡೇ

ಸುಳ್ಳು ಹೇಳುವುದರಲ್ಲಿ ನನ್ನಷ್ಟು ಪಳಗಿದ ಹೆಂಗಸು ಅಮೆರಿಕದ ಈ ಇಡೀ ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಇದ್ದ ಮಾತು. ಹದಿನೇಳು ವರ್ಷ ರಿಯಾದ್‌ನಲ್ಲಿ ಸಂಸಾರ ಮಾಡಿ ಬಂದವಳು ನಾನು, ನಿರುಪಮಾ. ಅಲ್ಲಿ ಕಲಿತ ಅರಬ್ಬೀ ಮೂರು ವರ್ಷದಲ್ಲಿ ಮರೆತುಹೋಯಿತು, ಕಲಿತ ಸುಳ್ಳು ಮಾತ್ರ ಮರೆಯಲಿಲ್ಲ. ಆ ಸುಳ್ಳಿನಿಂದಲೇ ನನ್ನ ಒಬ್ಬಳೇ ಮಗಳು ಐದು ತಿಂಗಳು ನಮ್ಮ ಹೊಸಿಲು ತುಳಿಯಲಿಲ್ಲ. ಅದನ್ನು ಹೇಳುವ ಮೊದಲು ಗುಂಡನ ವಿಷಯ ಹೇಳಬೇಕು.

ನನ್ನ ಗಂಡ ಇಂದುಶೇಖರ ಟೆಲಿಕಾಂ ಎಂಜಿನಿಯರು. ಮಗಳು ನಿಕಿತಾಗೆ ಮೂರು ವರ್ಷವಿದ್ದಾಗ, ಅಂದರೆ 2004ರಲ್ಲಿ, ನಮ್ಮಿಬ್ಬರನ್ನು ಮೈಸೂರಿನಿಂದ ರಿಯಾದ್‌ಗೆ ಕರೆಸಿಕೊಂಡರು. ಒಂದು ದೊಡ್ಡ ಮನೆಯ ಮೇಲಂತಸ್ತು ನಮ್ಮದು, ಕೆಳಗೆ ಮನೆಯೊಡತಿ ಉಮ್ಮ್ ಫಹದ್. ನಮ್ಮ ಕಿಟಕಿಗಳಿಗೆಲ್ಲ ಹಾಲಿನ ಬಣ್ಣದ ಗಾಜು. ಹೊರಗಿನ ಬೆಳಕು ಒಳಗೆ ಬರುತ್ತಿತ್ತು, ಹೊರಗಿನ ಲೋಕ ಬರುತ್ತಿರಲಿಲ್ಲ. ಹೆಂಗಸರು ಕಾರು ಓಡಿಸುವ ಹಾಗಿರಲಿಲ್ಲ. ಪೇಟೆಗೆ ಹೋಗಬೇಕೆಂದರೆ ಕರಿ ಅಬಾಯಾ ಹೊದ್ದು, ಬಾಡಿಗೆ ಡ್ರೈವರಿಗೆ ಹೇಳಿ ಕಳಿಸಿ, ಹಿಂದಿನ ಸೀಟಿನಲ್ಲಿ ಕೂರಬೇಕು. ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟ ಹತ್ತಿಳಿದವಳು ನಾನು. ಮೊದಲ ಎರಡು ವರ್ಷ ಸಿಟ್ಟಿನಲ್ಲೇ ಕಳೆದೆ. ಗಂಡನ ತಟ್ಟೆಗೆ ಅನ್ನ ಬಡಿಸುವಾಗ ಸೌಟು ಸದ್ದು ಮಾಡುತ್ತಿತ್ತು.

ಆಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನಿಜ ಹೇಳಲಾ? ಆ ಹಾಲುಬಣ್ಣದ ಬೆಳಕು ನನಗೆ ಹಿಡಿಸಿಬಿಟ್ಟಿತು. ಮಧ್ಯಾಹ್ನ ಅದರೊಳಗೆ ಕಾಲು ಚಾಚಿ ಕೂತರೆ ಹೊತ್ತು ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಒಂದು ಮಸೀದಿಯ ಬಾಂಗ್ ಶುರುವಾದರೆ ಅದರ ಬಾಲ ಹಿಡಿದು ಇನ್ನೊಂದು, ಮತ್ತೊಂದು. ಸಂಜೆಯ ಬಾಂಗ್ ಕೇಳಿದೊಡನೆ ನಾನು ಎದ್ದು ಬಟ್ಟೆಯ ಬೀರು ತೆಗೆದು ದೀಪ ಹಚ್ಚುತ್ತಿದ್ದೆ. ದೇವರು ಇದ್ದದ್ದು ಅಲ್ಲೇ, ಮಡಿಸಿಟ್ಟ ಸೀರೆಗಳ ಪಕ್ಕದ ಗೂಡಿನಲ್ಲಿ. ನಮ್ಮ ಸೀರೆಗಳೆಲ್ಲ ಊದುಬತ್ತಿ ವಾಸನೆ ಹೊಡೆಯುತ್ತಿದ್ದವು.

ಹಾಗಂತ ಯಾರೂ ಬಂದು ಬಾಗಿಲು ಬಡಿದು, ಬೀರು ತೆಗೆ ಅಂದವರಲ್ಲ. ಹದಿನೇಳು ವರ್ಷದಲ್ಲಿ ಒಂದು ಸಲವೂ ಇಲ್ಲ. ಆದರೂ ಭಯ, ಬೇರೆ ಧರ್ಮದ ಪೂಜೆ ಅಲ್ಲಿ ಬಹಿರಂಗವಾಗಿ ಮಾಡುವ ಹಾಗಿರಲಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಗಣೇಶನ ಹಬ್ಬ ಬಂದರೆ ಅಲ್ಲಿದ್ದ ಏಳೆಂಟು ಕನ್ನಡದ ಮನೆಗಳಿಗೆ ಫೋನಿನಲ್ಲಿ ಹಬ್ಬ ಅನ್ನುತ್ತಿರಲಿಲ್ಲ. "ಶುಕ್ರವಾರ ಗುಂಡನ ಬರ್ತ್‌ಡೇ, ಬನ್ನಿ" ಅನ್ನುತ್ತಿದ್ದೆವು. ಆ ಹೆಸರಿಟ್ಟವಳು ನಾನೇ. ಹೊಟ್ಟೆ ಗುಂಡಗಿದೆ, ಕಡುಬು ಅಂದರೆ ಪ್ರಾಣ, ಇನ್ನೇನು ಹೆಸರಿಡಬೇಕು? ಗೋದಿಹಿಟ್ಟಿಗೆ ಅರಿಶಿನ ಕಲಸಿ ಗೇಣುದ್ದ ಗುಂಡನನ್ನು ಮಾಡುವುದು, ಗರಿಕೆ ಸಿಗದಿದ್ದರೆ ಕೊತ್ತಂಬರಿ ಸೊಪ್ಪು ಇಡುವುದು, ಮರುದಿನ ಬಚ್ಚಲಲ್ಲಿ ಬಕೆಟ್ಟಿಗೆ ಬಿಡುವುದು. ಬಕೆಟ್ ತರುವ ಕೆಲಸ ಯಾವಾಗಲೂ ನಿಕಿತಾದು. ತನಗಿಂತ ದೊಡ್ಡ ನೀಲಿ ಬಕೆಟ್ಟನ್ನು ಎಳೆದುಕೊಂಡು ಬಂದು, "ಗುಂಡ ಈಜಾಡ್ತಾನಾ ಅಮ್ಮಾ?" ಅನ್ನುತ್ತಿದ್ದಳು.

ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಟೀಚರು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರಂತೆ. ಇವಳು ಎದ್ದು ನಿಂತು, "ಅಪ್ಪ, ಅಮ್ಮ, ನಾನು, ಗುಂಡ. ಗುಂಡ ದೇವರು, ಬೀರುವಲ್ಲಿರ್ತಾನೆ" ಅಂದಳಂತೆ. ಟೀಚರು ಕೇರಳದವರು, ನಕ್ಕು ಸುಮ್ಮನಾಗಿದ್ದರು. ಸಂಜೆ ಮಗು ತಾನೇ ಬಂದು ಖುಷಿಯಿಂದ ಇದನ್ನೆಲ್ಲ ಹೇಳಿತು. ನಾನು ಕೆನ್ನೆಗೆ ಒಂದು ಬಿಟ್ಟೆ. ದೇವರ ವಿಷಯದಲ್ಲಿ ನಿಜ ಹೇಳಿದ್ದಕ್ಕೆ ಮಗುವಿಗೆ ಹೊಡೆದ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅವಳು ಅಳಲಿಲ್ಲ. ಬೀರುವಿನ ಹತ್ತಿರ ಹೋಗಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದಳು. ಆ ಬಾಗಿಲಿನ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಉಮ್ಮ್ ಫಹದ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಗುಂಡನ ಬರ್ತ್‌ಡೇ ದಿನ, ಮೇಲೆ ಜನ ಸೇರಿದ್ದು ತಿಳಿದು, ಆಕೆ ಒಂದು ತಟ್ಟೆ ಖರ್ಜೂರ ಕಳಿಸುತ್ತಿದ್ದಳು. ಗುಂಡ ಯಾರು ಎಂದು ಮೊದಲ ವರ್ಷ ಕೇಳಿದಾಗ, ನಮ್ಮ ಬಳಗದ ಹುಡುಗ ಅಂದಿದ್ದೆ. 2021ರಲ್ಲಿ ನಾವು ಮನೆ ಖಾಲಿ ಮಾಡಿದ ದಿನ ಆಕೆ ನನ್ನ ಕೈ ಹಿಡಿದುಕೊಂಡು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು: "ನಿಮ್ಮ ಗುಂಡನ ಹುಟ್ಟುಹಬ್ಬ ಒಂದು ವರ್ಷ ಬಂದ ತಾರೀಕಿಗೆ ಇನ್ನೊಂದು ವರ್ಷ ಬರೋದಿಲ್ಲ. ನಮ್ಮ ಈದ್ ಥರ ಚಂದ್ರನ್ನ ನೋಡ್ಕೊಂಡು ಬರ್ತಾನೆ. ಹದಿನೇಳು ವರ್ಷ ಆಯ್ತು, ಇನ್ನೂ ಅವನಿಗೆ ವಯಸ್ಸಾಗಲಿಲ್ಲ." ಅಷ್ಟು ಹೇಳಿ ನಕ್ಕಳು. ನಾನು ಬೆವತುಹೋದೆ. ಆಕೆಗೆ ಯಾವಾಗಿನಿಂದ ಗೊತ್ತಿತ್ತೋ, ಕೇಳುವ ಧೈರ್ಯವಾಗಲಿಲ್ಲ.

ಸ್ಯಾನ್ ಡಿಯಾಗೋಗೆ ಬಂದಮೇಲೆ ಎಲ್ಲ ಸಲೀಸು ಅಂದುಕೊಂಡಿದ್ದೆವು. ನಿಕಿತಾ ಆಗಲೇ ಓದಲು ಬಂದು ಲಾಸ್ ಏಂಜಲೀಸ್‌ನಲ್ಲಿದ್ದಳು. ಇವರಿಗೆ ರಾಂಚೊ ಬರ್ನಾರ್ಡೊದಲ್ಲೇ ಆಫೀಸು. ಇಲ್ಲಿಯ ಕಿಟಕಿಗಳೋ, ಎದುರು ಮನೆಯವರು ಎಷ್ಟು ಸಕ್ಕರೆ ಹಾಕಿಕೊಂಡರು ಅಂತ ಕಾಣುವಷ್ಟು ತಿಳಿಯಾದ ಗಾಜು. ಮೊದಲ ವಾರವೇ ದಪ್ಪ ಪರದೆ ಹಾಕಿಸಿದೆ. ಬೇಕಾದ ಹಾಗೆ ಬದುಕು ಎಂದು ಬಿಟ್ಟ ಊರಿನಲ್ಲಿ ಹೇಗೆ ಬದುಕಬೇಕೆಂದು ತಿಳಿಯದೆ ನಾನು ದಿಕ್ಕುಗೆಟ್ಟೆ. ನನ್ನ ಫೋನಿನಲ್ಲಿ ನಮಾಜಿನ ಸಮಯ ಹೇಳುವ ಆ್ಯಪ್ ಇನ್ನೂ ಇತ್ತು. ಅಲ್ಲಿ ನಮಾಜಿಗೆ ಅಂಗಡಿ ಮುಚ್ಚುತ್ತಿದ್ದರಲ್ಲ, ಅದಕ್ಕೆ ಹಾಕಿಕೊಂಡದ್ದು. ಅದರಲ್ಲಿ ಊರು ಬದಲಾಯಿಸಲು ಮನಸ್ಸಾಗಲಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ, ಡೆಲ್ ಮಾರ್ ಕಡಲಿನಿಂದ ಹತ್ತಿಬಂದ ಮಂಜು ನಮ್ಮ ರಸ್ತೆಯಲ್ಲಿ ಇನ್ನೂ ಮಲಗಿರುವಾಗ, ಫೋನಿನಲ್ಲಿ ರಿಯಾದ್‌ನ ಸಂಜೆಯ ಬಾಂಗ್ ಕೂಗುತ್ತಿತ್ತು. ಆ ಮಂಜಿನ ಬೆಳಕೂ ಹಾಲಿನ ಬಣ್ಣವೇ. ನಾನು ಎದ್ದು ಬೀರು ತೆಗೆದು ದೀಪ ಹಚ್ಚುತ್ತಿದ್ದೆ. ಹೌದು, ಇಲ್ಲೂ ದೇವರು ಬೀರುವಿನಲ್ಲೇ. ಇವರು ಎಷ್ಟೋ ಸಲ, "ಹಾಲ್‌ನಲ್ಲಿ ಇಡೋಣ ನಿರು, ಇಲ್ಲಿ ಯಾರು ಕೇಳ್ತಾರೆ?" ಅಂದರು. ನಾಳೆ ಇಡೋಣ, ನಾಡಿದ್ದು ಇಡೋಣ ಎನ್ನುತ್ತ ಮೂರು ವರ್ಷ ದೂಡಿದೆ.

ಅಷ್ಟರಲ್ಲಿ ನಿಕಿತಾ ಕೆಲಸಕ್ಕೆ ಸೇರಿ ಲಾಸ್ ಏಂಜಲೀಸ್‌ನ ಅಂಚಿನ ಚಾಟ್ಸ್‌ವರ್ತ್‌ನಲ್ಲಿ ಮನೆ ಮಾಡಿದಳು. ಮತೇಯೊ ಎಂಬ ಹುಡುಗನ ಜೊತೆ. ಮದುವೆಯಿಲ್ಲ, ಮಾತುಕತೆಯಿಲ್ಲ. ಅವನ ಅಪ್ಪ ಅಮ್ಮ ಮೆಕ್ಸಿಕೊದಿಂದ ಬಂದವರು, ಅವನು ಅಲ್ಲೇ ವಿಮಾನದ ಬಿಡಿಭಾಗ ಕಡೆಯುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಅವಳು ನನಗೆ ಮುಚ್ಚುಮರೆಯಿಲ್ಲದೆ ಫೋನಿನಲ್ಲಿ ಹೇಳಿದಳು. ನಾನು "ಸರಿ" ಅಂದೆ. ಇಲ್ಲಿಯ ಕನ್ನಡದವರು ಕೇಳಿದಾಗ, ರೂಮ್‌ಮೇಟ್ ಜೊತೆ ಇದ್ದಾಳೆ, ಒಳ್ಳೇ ಹುಡುಗಿ ಅಂದೆ. ನಾಲಗೆಗೆ ಏನೂ ಕಷ್ಟವಾಗಲಿಲ್ಲ, ಬರ್ತ್‌ಡೇ ಅಂದಷ್ಟೇ ಸಲೀಸಾಗಿ ಬಂತು.

ಹೋದ ಯುಗಾದಿಯ ಮರು ಶನಿವಾರ ಅವಳು ಹೇಳದೆ ಕೇಳದೆ ಬಂದುಬಿಟ್ಟಳು. ಮತೇಯೊ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಕರೆತಂದಿದ್ದ. ನನ್ನ ದುರದೃಷ್ಟಕ್ಕೆ ಪಕ್ಕದ ಮನೆಯ ವೈಷ್ಣವಿ ಒಬ್ಬಟ್ಟಿನ ಡಬ್ಬ ವಾಪಸ್ಸು ಕೊಡಲು ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ನಿಕಿತಾ ಮುಂದೆ, ಹಿಂದೆ ಒಂದು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಅವನು. ಎತ್ತರದ ಆಳು, ಮುಖದ ತುಂಬ ನಗು. ವೈಷ್ಣವಿ, "ಇವರು ಯಾರು ಆಂಟಿ?" ಅಂದಳು.

"ಊಬರ್ ಡ್ರೈವರ್" ಅಂದೆ.

ಕನ್ನಡ ಬರದವನಿಗೂ ಆ ಎರಡು ಪದ ಅರ್ಥವಾಗುತ್ತದೆ. ಅವನ ನಗು ಪೂರ್ತಿ ಹೋಗಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು. ಪೆಟ್ಟಿಗೆಯನ್ನು ಹೊಸಿಲಿನ ಹತ್ತಿರ ಜೋಪಾನವಾಗಿ ಇಳಿಸಿ, "ಹ್ಯಾವ್ ಎ ಗುಡ್ ಡೇ, ಮ್ಯಾಮ್" ಎಂದು ಕಾರಿನ ಕಡೆ ನಡೆದ. ನಿಕಿತಾ ನನ್ನನ್ನೇ ನೋಡಿದಳು. ಕೆನ್ನೆಗೆ ಹೊಡೆದ ದಿನ ನೋಡಿದ ಹಾಗೆ. "ಯು ನೆವರ್ ಲೆಫ್ಟ್ ರಿಯಾದ್, ಅಮ್ಮ" ಎಂದು ತಿರುಗಿ ಹೊರಟುಹೋದಳು. ಅಲ್ಲಿಂದ ಮುಂದೆ ಅವಳದು ಒಂದೊಂದೇ ಪದದ ಇಂಗ್ಲಿಷ್ ಮೆಸೇಜು. ಫೈನ್. ಬ್ಯುಸಿ. ಲೇಟರ್. ಹುಟ್ಟಿದಾಗಿನಿಂದ ನನ್ನ ಹತ್ತಿರ ಕನ್ನಡದಲ್ಲೇ ಜಗಳಾಡಿದವಳು ಜಗಳಕ್ಕೂ ಕನ್ನಡ ಬೇಡವೆಂದಳಲ್ಲ. ಅವಳು ನನಗೆ ವಾಪಸ್ಸು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಆ ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ. ಬಿಚ್ಚಿದರೆ ಅದನ್ನು ತಂದವನು ಯಾರೆಂದು ಒಪ್ಪಿಕೊಂಡ ಹಾಗೆ. ಬೀರುವಿನ ಕೆಳಗಿನ ಅರೆಗೆ, ದೇವರ ಕೆಳಗೆ, ತಳ್ಳಿಬಿಟ್ಟೆ.

ಐದು ತಿಂಗಳು ಹೇಗೋ ಮಂಜಿನ ಹಾಗೆ ಹೋಯಿತು. ಸೆಪ್ಟೆಂಬರು ಬಂತು, ಹಬ್ಬ ಶನಿವಾರ ಬಿದ್ದಿತ್ತು. ಗುರುವಾರ ಬೆಳಗ್ಗೆ ಬಾಂಗ್ ಆಗಿ ದೀಪ ಹಚ್ಚಿದಮೇಲೆ, ಮಂಪರಿನಲ್ಲಿದ್ದವಳ ಹಾಗೆ ಫೋನು ಹಿಡಿದು, ಹಳೇ ಮಾತು ನೆನಪಾದರೆ ನಿಕಿತಾ ಕರಗಿಯಾಳು ಎಂಬ ಆಸೆಯಿಂದ ಬರೆದೆ: "ಶನಿವಾರ ಸಂಜೆ ಗುಂಡನ ಬರ್ತ್‌ಡೇ. ನಿನ್ನ ದಾರಿ ಕಾಯ್ತಾ ಇರ್ತಾನೆ, ಬಾ." ಕಳಿಸಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ಕೂತೆ. ಟಿಣ್ ಎಂದು ಉತ್ತರ ಬಂತು. "ಖಂಡಿತಾ ಬರ್ತೀವಿ ಆಂಟಿ." ಇನ್ನೊಂದು ಟಿಣ್. "ಹುಡುಗಗ ಎಷ್ಟು ವರ್ಷ ಆತು?"

ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೆಸೇಜು ಹೋಗಿದ್ದು ನಿಕಿತಾಗಲ್ಲ, ನಮ್ಮ ಬೀದಿಯ ಕನ್ನಡದವರ ಗ್ರೂಪಿಗೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಹಬ್ಬ ಎಂದು ತಿದ್ದಿ ಬರೆಯಬಹುದಿತ್ತು. ಬರೆದಿದ್ದರೆ ಬರ್ತ್‌ಡೇ ಅಂದದ್ದು ಯಾಕೆ ಎಂಬ ಪ್ರಶ್ನೆ, ಅದರ ಹಿಂದೆ ಇನ್ನೊಂದು. ಅಭ್ಯಾಸಬಲ, ಸುಮ್ಮನಿದ್ದುಬಿಟ್ಟೆ.

ಶನಿವಾರ ಸಂಜೆ ಮೊದಲು ಬಂದವರು ಗುರುಬಸಪ್ಪ ಅಂಕಲ್. ಧಾರವಾಡದ ಕಡೆಯವರು, ಇಲ್ಲಿ ನಲವತ್ತು ವರ್ಷ ಡಾಕ್ಟರಾಗಿದ್ದು ನಿವೃತ್ತರಾದವರು. ಎರಡೂ ಕೈಯಲ್ಲಿ ತಬ್ಬಿ ತಂದ ಕೆಂಪು ಆಟಿಕೆಯ ಟ್ರ್ಯಾಕ್ಟರ್. "ಎಲ್ಲಿ ಅದಾನವಾ ಹುಡುಗ? ಇದರ ಮ್ಯಾಲೆ ಕುಂತು ಹೊಡಿಬಹುದು, ಬ್ಯಾಟರಿ ಹಾಕೇ ತಂದೀನಿ" ಅಂದರು. ಅವರ ಹಿಂದೆ ವೈಷ್ಣವಿ, ಕೈಯಲ್ಲಿ ಕೇಕು. ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ ಹ್ಯಾಪಿ ಬರ್ತ್‌ಡೇ ಗುಂಡ. ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು, "ಮೊಮ್ಮಗನಾ ಆಂಟಿ? ನಿಕಿತಾಗೆ ಮಗು ಆಗಿದ್ದು ನಮಗೆ ಹೇಳಲೇ ಇಲ್ಲ ನೀವು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲಗೆ ಆಗಲೇ ತಯಾರಾಗಿತ್ತು, ನಾದಿನಿಯ ಮೊಮ್ಮಗ, ಫ್ಲೈಟು ತಪ್ಪಿಹೋಯಿತು ಅನ್ನಲು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಹಾಲ್‌ನಲ್ಲಿ ಇವರು, "ಗುಂಡನ್ನ ನೋಡ್ಬೇಕಾ, ಬನ್ನಿ ಅಂಕಲ್" ಎಂದು ಕೋಣೆಯ ಬಾಗಿಲು ತೆಗೆದ ಸದ್ದಾಯಿತು. ಓಡಿಹೋದೆ. ಗಂಡ ಬೀರುವಿನ ಎರಡೂ ಬಾಗಿಲು ಹಾರುಹೊಡೆದು ನಿಂತಿದ್ದರು. ಒಳಗೆ ಸೀರೆಗಳ ಪಕ್ಕ, ಅರಿಶಿನದ ಗುಂಡ, ಕೊತ್ತಂಬರಿ ಸೊಪ್ಪಿನ ಮಾಲೆ ಹಾಕಿಕೊಂಡು ದೀಪದ ಬೆಳಕಿನಲ್ಲಿ ಕೂತಿದ್ದ.

ಗುರುಬಸಪ್ಪ ಅಂಕಲ್ ಟ್ರ್ಯಾಕ್ಟರನ್ನು ನೋಡಿದರು, ಗುಂಡನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಯಪ್ಪಾ, ಇಲಿ ಬಿಟ್ಟು ಟ್ರ್ಯಾಕ್ಟರ್ ಹತ್ತೋ ಕಾಲ ಬಂತು ನೋಡಪಾ ನಿನಗ." ಎಲ್ಲರೂ ನಕ್ಕರು. ರಿಯಾದ್‌ನ ಕಥೆಯನ್ನು ಇವರೇ ಹೇಳಿದರು. ನಗು ನಿಂತಮೇಲೆ ಅಂಕಲ್ ಮೆಲ್ಲಗೆ ಕೇಳಿದರು, "ಅಲ್ಲಿ ಬೀರುದಾಗ ಇಟ್ಟಿದ್ರಿ, ತಿಳೀತು. ಇಲ್ಲಿ ಯಾಕವಾ? ಹೊರಗ ಕೂಡ್ರಸ್ರಿ ಅವನ್ನ."

ಹೊರಗೆ ಕೂರಿಸಲು ಮಣೆ ಬೇಕಲ್ಲ. ಇವರು ಬಗ್ಗಿ ಕೆಳಗಿನ ಅರೆಯಿಂದ ಆ ಪೆಟ್ಟಿಗೆಯನ್ನು ಎಳೆದರು, ಇದರ ಮೇಲೇ ಇಡೋಣ ಎಂದು. ಎಳೆದ ರಭಸಕ್ಕೆ ಮುಚ್ಚಳದ ಅಂಟು ಬಿಟ್ಟಿತು. ಒಂದು ಕ್ಷಣ ನನ್ನ ಮುಖ ನೋಡಿದರು. "ತೆಗೆದ್ಬಿಡಲಾ ನಿರು?" ಅಂದರು.

ಒಳಗೆ ಇದ್ದದ್ದು ಒಂದು ಮಂಟಪ. ಬೆಳ್ಳಗೆ ಹೊಳೆಯುವ ಅಲ್ಯುಮಿನಿಯಮ್ಮಿನದು. ನಾಲ್ಕು ಕಂಬ, ಪ್ರತಿ ಕಂಬವನ್ನೂ ತಿರುವಿ ತಿರುವಿ ಕಡೆದದ್ದು, ಮೇಲೊಂದು ಪುಟ್ಟ ಗೋಪುರ. ಅಳತೆ ಸರಿಯಾಗಿ ಗೇಣುದ್ದದ ಗುಂಡನಿಗೆ. ನಾಲ್ಕೂ ಕಡೆ ತೆರೆದದ್ದು, ಎಲ್ಲೂ ಬಾಗಿಲಿಲ್ಲ. ಒಳಗೊಂದು ಚೀಟಿ, ನಿಕಿತಾಳ ಕೋಳಿ ಕಾಲಿನ ಕನ್ನಡ ಅಕ್ಷರ: "ಗುಂಡನಿಗೆ. ಸೀರೆ ವಾಸನೆ ಕುಡಿದದ್ದು ಸಾಕು." ನನ್ನ ಕಣ್ಣು ಮಂಜಾಯಿತು. ಐದು ತಿಂಗಳು ಇದು ದೇವರ ಕೆಳಗೇ ಕತ್ತಲಲ್ಲಿ ಕೂತಿತ್ತಲ್ಲ, ನಾನು ಎಂಥ ಪಾಪಿ ಅನ್ನಿಸಿತು.

"ಎಷ್ಟು ಚೆನ್ನಾಗಿದೆ. ಯಾರು ಮಾಡಿದ್ದು ಆಂಟಿ?" ವೈಷ್ಣವಿ ಕಂಬದ ಮೇಲೆ ಬೆರಳಾಡಿಸುತ್ತ ಕೇಳಿದಳು.

ನಾಲಗೆ ಮತ್ತೆ ತಯಾರಾಗಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಹದಿನೇಳು ಪ್ಲಸ್ ಮೂರು, ಇಪ್ಪತ್ತು ವರ್ಷದ ಅಭ್ಯಾಸ, ಹಿಡಿದರೆ ನಿಲ್ಲುವಂಥದ್ದಲ್ಲ. ಆದರೂ ಹೇಳಿದೆ. "ಮತೇಯೊ. ನಿಕಿತಾ ಜೊತೆ ಇರೋ ಹುಡುಗ. ಇಬ್ಬರೂ ಒಂದೇ ಮನೇಲಿದ್ದಾರೆ, ಮದುವೆ ಆಗಿಲ್ಲ. ಅವತ್ತು ನಾನು ಊಬರ್ ಡ್ರೈವರ್ ಅಂದ್ನಲ್ಲ, ಅವನೇ."

ಆಕಾಶ ಕಳಚಿ ಬೀಳಲಿಲ್ಲ. ಗುರುಬಸಪ್ಪ ಅಂಕಲ್ ಮಂಟಪವನ್ನು ತಿರುಗಿಸಿ ನೋಡುತ್ತಲೇ ಇದ್ದರು. "ಕೈ ಛಲೋ ಅದ ಹುಡುಗನ್ದು" ಅಂದರು, ಅಷ್ಟೇ. ವೈಷ್ಣವಿ ನನ್ನ ಭುಜದ ಮೇಲೆ ಕೈಯಿಟ್ಟಳು. "ನಂಗೆ ಗೊತ್ತಿತ್ತು ಆಂಟಿ. ಅವತ್ತು ನಾನು ನಮ್ಮನೆಗೆ ವಾಪಸ್ ಹೋಗೋವಾಗ ಕಾರು ಹೊರಟಿರಲಿಲ್ಲ. ಒಳಗೆ ನಿಕಿತಾ ಅಳ್ತಿದ್ಲು, ಅವನು ಕಣ್ಣೊರೆಸ್ತಿದ್ದ. ಊಬರ್‌ನವರು ಯಾರು ಹಾಗೆ ಒರೆಸ್ತಾರೆ?"

ಅವಳೂ ಐದು ತಿಂಗಳು ಸುಮ್ಮನಿದ್ದಳು, ಉಮ್ಮ್ ಫಹದ್ ಹಾಗೆ. ಊರಿಗೆಲ್ಲ ಗೊತ್ತಿದ್ದದ್ದನ್ನು ನಾನು ಯಾರಿಂದ ಮುಚ್ಚಿಡುತ್ತಿದ್ದೆ? ಎಲ್ಲರೂ ಹೋದಮೇಲೆ ಗಂಡನಿಗೆ ಹೇಳಿದೆ, "ನಾಳೆ ಬೆಳಗ್ಗೆ ಚಾಟ್ಸ್‌ವರ್ತ್‌ಗೆ ಹೋಗೋಣ."

"ಫೋನ್ ಮಾಡಿ ಹೇಳು ಮೊದಲು."

"ಬೇಡ ರೀ. ಫೋನಲ್ಲಿ ನನ್ನ ನಾಲಗೆ ನಂಬೋ ಹಾಗಿಲ್ಲ. ಬೇಡ ಅಂದ್ರೆ ಅವಳು ಬಾಗಿಲಲ್ಲೇ ಅನ್ಲಿ. ಮತ್ತೆ ಕಾರು ನಾನೇ ಓಡಿಸ್ತೀನಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಲೈಸೆನ್ಸು ತೆಗೆದುಕೊಂಡು ಎರಡು ವರ್ಷವಾಗಿದ್ದರೂ ನಾನು ತರಕಾರಿ ಅಂಗಡಿ ದಾಟಿ ಹೋದವಳಲ್ಲ. ಫ್ರೀವೇ ಅಂದರೆ ಕೈ ಬೆವರುತ್ತಿತ್ತು. ಆದರೆ ಆ ಎರಡು ಪದ ನನ್ನ ಬಾಯಿಂದ ಬಂದದ್ದು, ಅದನ್ನು ನಾನೇ ಹೊತ್ತುಕೊಂಡು ಹೋಗಬೇಕಿತ್ತು.

ಮಂಟಪದಲ್ಲಿ ಕೂರಿಸಿದ ಗುಂಡನನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ. ಎಸಿ ಗಾಳಿ ನೇರ ಬೀಳದಿದ್ದರೆ ಹಿಟ್ಟಿನ ಗುಂಡ ಚಾಟ್ಸ್‌ವರ್ತ್‌ನ ಸೆಖೆಗೆ ಬಿರಿದುಹೋಗುತ್ತಿದ್ದ. ಹಾಗಾಗಿ ಗಂಡ ಹಿಂದಿನ ಸೀಟು, ತೊಡೆಯ ಮೇಲೆ ಉಳಿದರ್ಧ ಕೇಕು, ಪಕ್ಕದಲ್ಲಿ ಟ್ರ್ಯಾಕ್ಟರ್. ಡೆಲ್ ಮಾರ್ ಹತ್ತಿರ ರಸ್ತೆ ಕಡಲಿಗೆ ಒತ್ತಿಕೊಳ್ಳುವಾಗ ಮಂಜು ಕಾರನ್ನು ನುಂಗಿಬಿಟ್ಟಿತು. ಮುಂದೆ ಕೆಂಪು ದೀಪಗಳು ಒಂದೊಂದಾಗಿ ತೇಲುತ್ತಿದ್ದವು. ಸರಿಯಾಗಿ ಆಗಲೇ ಫೋನಿನಲ್ಲಿ ರಿಯಾದ್‌ನ ಸಂಜೆಯ ಬಾಂಗ್ ಶುರುವಾಯಿತು. ನಾನು ಆರಿಸಲಿಲ್ಲ, ಇವರೂ ಆರಿಸು ಅನ್ನಲಿಲ್ಲ. ಎಷ್ಟೋ ದೂರದ ಆ ಊರಿನಲ್ಲಿ ಉಮ್ಮ್ ಫಹದ್ ಈಗ ಜಮಖಾನ ಹಾಸುತ್ತಿರುತ್ತಾಳೆ, ನಮ್ಮ ಹಾಲುಬಣ್ಣದ ಕಿಟಕಿಗೆ ಕತ್ತಲು ಇಳಿಯುತ್ತಿರುತ್ತದೆ ಅನ್ನಿಸಿತು. ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬ ಹಾಗೆ ಸುತ್ತ ಎಲ್ಲ ಬೆಳ್ಳಗಿತ್ತು. ಭಯ ಎಲ್ಲಿ ಇಳಿದುಹೋಯಿತೋ, ನನ್ನ ಕೈ ಒಣಗಿತ್ತು.

ಲಾಸ್ ಏಂಜಲೀಸ್ ಹೊಕ್ಕಮೇಲೆ ಮಂಜು ಹರಿದು ಬಿಸಿಲು ಬಿತ್ತು. ಚಾಟ್ಸ್‌ವರ್ತ್‌ನಲ್ಲಿ ಬೋಳು ಬಂಡೆಯ ಗುಡ್ಡ, ನೂರಹತ್ತು ಡಿಗ್ರಿ ಫ್ಯಾರನ್‌ಹೀಟ್. ಕಾರಿನ ಬಾಗಿಲು ತೆಗೆದರೆ ಅದೇ ಒಣ ಗಾಳಿ, ರಿಯಾದ್‌ನದೇ. ಕರಿ ಅಬಾಯಾ ಹೊದ್ದಿಲ್ಲವಲ್ಲ ಎಂದು ಒಂದು ಕ್ಷಣ ಕೈ ಹೆಗಲಿಗೆ ಹೋಯಿತು.

ಬಾಗಿಲು ತೆಗೆದವನು ಮತೇಯೊ. ನನ್ನನ್ನು ನೋಡಿ ಹಿಡಿಕೆಯ ಮೇಲಿನ ಕೈ ಹಾಗೇ ನಿಂತಿತು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಇಂಗ್ಲಿಷ್ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. ಹಿಂದೆ ತಿರುಗಿ ಕಾರು ತೋರಿಸಿದೆ, ಆಮೇಲೆ ನನ್ನ ಎದೆ ಮುಟ್ಟಿಕೊಂಡೆ.

"ಊಬರ್ ಡ್ರೈವರ್" ಅಂದೆ.

ಅವನು ಕಾರಿನ ಕಡೆ ನೋಡಿದ. ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು, ತಾನೇ ಕಡೆದ ನಾಲ್ಕು ಕಂಬಗಳ ನಡುವೆ, ಗುಂಡ. ಹಿಂದೆ ಕೇಕು ಹಿಡಿದು ಬೆವರುತ್ತಿರುವ ನನ್ನ ಗಂಡ. ಮತೇಯೊನ ಮುಖದಲ್ಲಿ ಆ ದಿನ ಅರ್ಧಕ್ಕೆ ನಿಂತುಹೋಗಿದ್ದ ನಗು ನಿಧಾನವಾಗಿ ಮುಂದುವರಿಯಿತು. ಅವನು ಒಳಗೆ ತಿರುಗಿ, "ನಿಕ್ಕೀ" ಎಂದು ಕರೆದ.

ಅವಳು ಒದ್ದೆ ಕೂದಲಿನಲ್ಲೇ ಬಂದಳು. ನನ್ನನ್ನು ನೋಡಿದಳು, ಕಾರನ್ನು ನೋಡಿದಳು. "ಯು ಡ್ರೋವ್?"

"ಹೂಂ."

"ಆಲ್ ದ ವೇ?"

"ಹೂಂ ಕಣೇ. ತಪ್ಪಾಯ್ತು. ಇವನನ್ನ ಹಾಗಂದಿದ್ದೂ ತಪ್ಪು, ಒಂದನೇ ಕ್ಲಾಸಲ್ಲಿ ನಿನಗೆ ಹೊಡೆದಿದ್ದೂ ತಪ್ಪು. ನೀನು ಎರಡು ಸಲಾನೂ ನಿಜಾನೇ ತಂದಿದ್ದೆ. ನಾನೇ ಬಾಗಿಲು ಮುಚ್ಚಿದೆ. ನಿನ್ನೆ ಎಲ್ಲರಿಗೂ ಹೇಳಿದೆ, ಇವನು ಯಾರು ಅಂತ."

ಅವಳು ಬರಿಗಾಲಿನಲ್ಲೇ ಆ ಸುಡುವ ಸಿಮೆಂಟಿನ ಮೇಲೆ ಕಾರಿನವರೆಗೆ ಹೋಗಿ, ಮುಂದಿನ ಬಾಗಿಲು ತೆಗೆದು, ಬಗ್ಗಿ ಗುಂಡನನ್ನು ನೋಡಿದಳು. ಎಡಗಿವಿ ಸೆಖೆಗೆ ಸ್ವಲ್ಪ ಬಿರುಕು ಬಿಟ್ಟಿತ್ತು. ಉಗುಳು ಹಚ್ಚಿದ ಬೆರಳಿನಿಂದ ಅದನ್ನು ಸವರಿದಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆಯೇ. ದೇವರಿಗೆ ಎಂಜಲು ಹಚ್ಚಬೇಡ ಎಂದು ಆಗೆಲ್ಲ ಬೈಯುತ್ತಿದ್ದೆ. ಈಗ ಸುಮ್ಮನೆ ನಿಂತೆ.

ಅವಳು ಬೆನ್ನು ತಿರುಗಿಸಿಯೇ ಕೇಳಿದಳು, "ಬಕೆಟ್ ತರ್ಲಾ, ಅಮ್ಮಾ?"

"ತಾ" ಅಂದೆ.